ಬೇಸಗೆಗೆ ಮಲಗುವ ಗಿಡಗಳು

ಬಳ್ಳಾರಿಯಲ್ಲಿ ಮರದ ನೆರಳಿಗಿರುವ ಬೆಲೆಯನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ನಿಂತಾಗ ತಳ್ಳುಗಾಡಿಯವನಿಂದ ಹಿಡಿದು ಬೀದಿನಾಯಿಯವರೆಗೆ ಎಲ್ಲರೂ ಬೇವು, ಹೊಂಗೆ ಇರುವ ಕಡೆಗೇ ಸರಿಯುತ್ತಾರೆ. ಆ ನೆರಳು ಬೀಳುವ ನೆಲದ ವಿಚಾರಕ್ಕೆ ಬಂದರೆ ಮಾತ್ರ ನಮ್ಮ ಲೆಕ್ಕವೇ ಬೇರೆ. ಕಂಟೋನ್ಮೆಂಟಿನ ಹಳೆಯ ಬಂಗಲೆಯ ಅಂಗಳವಿರಲಿ, ಬ್ರೂಸ್‌ಪೇಟೆಯ ಇಕ್ಕಟ್ಟು ಮನೆಯ ಹಿತ್ತಲಿರಲಿ, ಹೊಸ ಬಡಾವಣೆಯಲ್ಲಿ ಕಾಂಪೌಂಡಿಗೂ ಬಾಗಿಲಿಗೂ ನಡುವಿನ ನಾಲ್ಕಡಿ ಜಾಗವಿರಲಿ, ಮರದ ಬುಡಕ್ಕೆ ನಾವು ಮಾಡುವ ಉಪಚಾರ ಮೂರೇ ಬಗೆಯದು: ದಿನಾ ಗುಡಿಸಿ ಗುಡಿಸಿ ಗಟ್ಟಿನೆಲ ಮಾಡುವುದು, ಸಿಮೆಂಟ್ ಇಟ್ಟಿಗೆ ಹಾಸುವುದು, ಕೈಯಲ್ಲಿ ಕಾಸಿದ್ದರೆ ಲಾನ್ ಹಾಕಿಸಿ ಎರಡು ವರ್ಷ ಒದ್ದಾಡುವುದು. ಮರದಡಿ ಏನೂ ಬೆಳೆಯುವುದಿಲ್ಲ ಎಂಬ ಮಾತೇ ಈ ಮೂರಕ್ಕೂ ಸಮರ್ಥನೆ. ಅದು ನಿಜವಾಗಿದ್ದರೆ ಸಂಡೂರಿನ ಕಾಡಿನಲ್ಲೂ ಮರಗಳ ಕೆಳಗೆ ಬರಿನೆಲ ಇರಬೇಕಿತ್ತು; ಹಾಗಿಲ್ಲ. ನಮ್ಮ ಮರದಡಿಗೆ ಒಗ್ಗುವ ಗಿಡಗಳು ನಮ್ಮ ಜಿಲ್ಲೆಯ ಕಾಡಿನ ತಳದಲ್ಲೇ ಇವೆ. ಅವನ್ನು ಬೆಳೆಸುವುದಕ್ಕೆ ಹೆಚ್ಚು ನೀರು ಬೇಡ, ಹೆಚ್ಚು ದುಡ್ಡೂ ಬೇಡ. ವರ್ಷದ ಹನ್ನೆರಡು ತಿಂಗಳೂ ಹಸಿರೇ ಕಾಣಬೇಕೆಂಬ ಹಟವನ್ನು ಬಿಟ್ಟುಕೊಡಬೇಕು, ಅಷ್ಟೇ. ಕಷ್ಟವಿರುವುದೂ ಅಲ್ಲೇ.

ಮೊದಲು ರೋಗ ಯಾವುದೆಂದು ನೋಡೋಣ. ಮರದಡಿ ಗಿಡ ಸತ್ತರೆ ನಾವು ನೆರಳನ್ನು ದೂರುತ್ತೇವೆ. ಬೇವಿನ ಕೆಳಗೆ ನಿಂತು ನೆಲ ನೋಡಿದರೆ ಅಲ್ಲಿ ಬೆಳಕಿನ ಚೂರುಗಳು ದಿನವಿಡೀ ಓಡಾಡುತ್ತಿರುತ್ತವೆ. ಕಾಡಿನ ತಳದ ಗಿಡಕ್ಕೆ ಅಷ್ಟು ಬೆಳಕು ಧಾರಾಳ. ಇಲ್ಲದಿರುವುದು ನೀರು. ಮರದ ನೀರು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ನಾವು ಸುರಿದ ನೀರು ಮೊದಲು ಅವುಗಳ ಪಾಲು, ಉಳಿದದ್ದು ಪುಟ್ಟ ಗಿಡದ ಪಾಲು. ಸಣ್ಣ ಮಳೆಯಾದರೆ ಹನಿಗಳು ಎಲೆಯ ಮೇಲೇ ನಿಂತು ಆರಿಹೋಗುತ್ತವೆ, ನೆಲ ಮುಟ್ಟುವುದೇ ಇಲ್ಲ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯ ಊರಿನಲ್ಲಿ ಈ ನಷ್ಟ ಸಣ್ಣದಲ್ಲ. ಲಾನ್ ಇಲ್ಲಿ ಎರಡು ಸಲ ಸೋಲುತ್ತದೆ. ಗರಿಕೆಯ ಜಾತಿಯ ಹುಲ್ಲೆಲ್ಲ ಬಿಸಿಲಿನದು, ನೆರಳಲ್ಲಿ ತೆಳುವಾಗಿ ಹಳದಿಯಾಗುತ್ತದೆ. ಅದಕ್ಕೆ ಬೇಕಾದ ನೀರು ನಮ್ಮಲ್ಲಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಗೆಯಲ್ಲಿ ಬಯಲ ಹುಲ್ಲಿನಿಂದ ದಿನಕ್ಕೆ 6 ಮಿಲಿಮೀಟರ್ ನೀರು ಆರಿಹೋಗುತ್ತದೆ ಎಂದಿಟ್ಟುಕೊಂಡು, ನೆರಳಿನ ಲಾಭಕ್ಕೆ ಅದರಲ್ಲಿ ಅರ್ಧ ಕಳೆದರೂ, ಹತ್ತಡಿ ಉದ್ದ ಹತ್ತಡಿ ಅಗಲದ ಲಾನಿಗೆ ದಿನಕ್ಕೆ ಹತ್ತಿರ ಹತ್ತಿರ 28 ಲೀಟರ್, ಅಂದರೆ ಎರಡು ಕೊಡ ನೀರು ಬೇಕು. ತುಂಗಭದ್ರಾ ಕಾಲುವೆಯ ನೀರು ಅಲ್ಲೀಪುರದ ಕೆರೆ ತುಂಬಿ, ಅಲ್ಲಿಂದ ನಲ್ಲಿಗೆ ಬರುವುದನ್ನು ಸರದಿಯಲ್ಲಿ ಕಾಯುವ ಊರಿದು. ಬೋರ್‌ವೆಲ್ ನೀರು ಹಲವೆಡೆ ಸವಳು. ಈ ಎರಡು ಕೊಡವನ್ನು ಹುಲ್ಲಿಗೆ ಸುರಿಯುವುದು ಶೋಕಿಯಷ್ಟೇ.

ತೋಟಗಾರಿಕೆಯ ಸಲಹೆ ನಮಗೆ ಬಂದದ್ದು ಎಲ್ಲಿಂದ ಎಂಬುದೂ ನೆರಳನ್ನು ದೂರುವ ಈ ತಪ್ಪಿಗೆ ಒಂದು ಕಾರಣ. ಇಂಗ್ಲೆಂಡಿನ ಕಾಡಿನಲ್ಲಿ ಮರಗಳು ಚಳಿಗೆ ಎಲೆ ಉದುರಿಸುತ್ತವೆ. ವಸಂತದಲ್ಲಿ ಹೊಸ ಎಲೆ ತುಂಬಿ ಮೇಲೆ ಚಪ್ಪರ ಮುಚ್ಚುವುದರೊಳಗೆ ಕೆಳಗಿನ ಬ್ಲೂಬೆಲ್‌ನಂಥ ಗೆಡ್ಡೆಯ ಗಿಡಗಳು ಗಡಿಬಿಡಿಯಲ್ಲಿ ಚಿಗುರಿ, ಹೂಬಿಟ್ಟು, ಮತ್ತೆ ಮಣ್ಣಿಗೆ ಸೇರುತ್ತವೆ. ಅಲ್ಲಿ ಕೆಳಗಿನವು ಪೈಪೋಟಿ ಮಾಡುವುದು ಬೆಳಕಿಗೆ. ನಮ್ಮಲ್ಲಿ ಪೈಪೋಟಿ ನೀರಿಗೆ, ಪಂಚಾಂಗವೂ ತಿರುಗುಮುರುಗು. ಇಲ್ಲಿನ ಕುರುಚಲು ಕಾಡಿನ ಮರಗಳು ಎಲೆ ಉದುರಿಸುವುದು ಒಣ ಬೇಸಗೆಗೆ. ಕೆಳಗಿನ ಗಿಡಗಳು ಎದ್ದೇಳುವುದು ಮಳೆಗೆ. ಸುಡು ಬೇಸಗೆಯಲ್ಲಿ ಅವು ಬೇರು, ಗೆಡ್ಡೆ, ಬೀಜಗಳಾಗಿ ಮಣ್ಣೊಳಗೆ ಮಲಗಿರುತ್ತವೆ. ಕಾಡು ಈರುಳ್ಳಿಯಂಥ ಒಂದೆರಡು ಜಾತಿ ಮಾತ್ರ ಬಿರುಬೇಸಗೆಯಲ್ಲಿ ಒಂದೂ ಎಲೆಯಿಲ್ಲದೆ ಬರಿಯ ಹೂದಂಟು ಕಳಿಸುತ್ತವೆ, ಎಲೆ ಬರುವುದು ಮಳೆ ಬಿದ್ದಮೇಲೆಯೇ. ಈ ಮಲಗುವ ಗುಣ ಗಿಡದ ದೌರ್ಬಲ್ಯವೆಂದು ತಿಳಿದವರು ಮೇ ತಿಂಗಳಲ್ಲಿ ಅದನ್ನು ಸತ್ತಿತೆಂದು ಕಿತ್ತೆಸೆಯುತ್ತಾರೆ. ಬಳ್ಳಾರಿಯಲ್ಲಿ ಅದು ಉಳಿದಿರುವುದೇ ಆ ಗುಣದ ಬಲದಿಂದ.

ಸಂಡೂರಿನ ಬೆಟ್ಟಸಾಲನ್ನು ನಾವು ಕಬ್ಬಿಣದ ಅದಿರಿನ ಲೆಕ್ಕದಲ್ಲೇ ಬಲ್ಲೆವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಅಲ್ಲಿಂದ ಎಷ್ಟು ಲಾರಿ ಇಳಿದವು ಎಂಬುದೇ ಊರಿನ ಮಾತಾಗಿತ್ತು. ಅದೇ ಕಾಡು ಔಷಧಿ ಸಸ್ಯಗಳ ಸಂರಕ್ಷಣೆಗಾಗಿ ರಾಜ್ಯದಲ್ಲಿ ಅರಣ್ಯ ಇಲಾಖೆ ಗುರುತಿಸಿದ ಪ್ರದೇಶಗಳಲ್ಲಿ ಒಂದು ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಆ ಕಾಡಿನಂಥ ಒಣ ನೆರಳಿನಲ್ಲಿ ಹಬ್ಬುವ ಗಿಡಗಳಲ್ಲಿ ಮನೆಯಂಗಳಕ್ಕೆ ಮೊದಲು ತರಬೇಕಾದದ್ದು ಸೊಗದೆ ಬೇರು. ನಾಮದ ಬೇರು ಎಂದೂ ಕರೆಯುತ್ತಾರೆ. ತಂತಿಯಂಥ ತೆಳು ಕಾಂಡ, ನೆಲದ ಮೇಲೆ ಹರಿಯುತ್ತಾ ಸಿಕ್ಕಿದ್ದಕ್ಕೆ ಸುತ್ತಿಕೊಳ್ಳುತ್ತದೆ. ಕಡುಹಸಿರು ಎಲೆಯ ನಡುನರದುದ್ದಕ್ಕೂ ಬಿಳಿ ಗೀರು. ಒಂದೇ ಬಳ್ಳಿಯಲ್ಲಿ ಕೆಲವು ಎಲೆ ಬೆರಳಗಲ, ಕೆಲವು ಕಡ್ಡಿಯಷ್ಟು ಸಪೂರ. ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು, ಹೊರಗೆ ಹಸಿರು, ಒಳಗೆ ನೇರಳೆ. ಗಡಿಯಾಚೆ ಅನಂತಪುರ, ಕರ್ನೂಲು ಕಡೆ ಬೇಸಗೆಯಲ್ಲಿ ಮಾರುವ ನನ್ನಾರಿ ಶರಬತ್ತಿನ ಘಮ ಇದರ ಬೇರಿನದು. ಮಾಕಳಿ ಬೇರನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ, ಅದು ಬೇರೆ ಮಾತು. ಬೇರು ಆಳಕ್ಕಿಳಿಯುವುದರಿಂದ ಮರದ ಬೇರುಗಳ ನಡುವೆಯೂ ಇದು ತಾಳಿಕೊಳ್ಳುತ್ತದೆ. ಕಪ್ಪು ಕಂದು ರೆಕ್ಕೆಯ, ಅಂಚಿಗೆ ಬಿಳಿ ಚುಕ್ಕೆಯ ‘ಕಾಮನ್ ಕ್ರೋ’ ಚಿಟ್ಟೆಯ ಮರಿಹುಳುಗಳು ಇದರ ಎಲೆ ತಿನ್ನುತ್ತವೆ. ಎಲೆಯಲ್ಲಿ ತೂತು ಕಂಡರೆ ಔಷಧಿ ಹೊಡೆಯಬೇಕಿಲ್ಲ.

ವರ್ಷವಿಡೀ ಸ್ವಲ್ಪವಾದರೂ ಹಸಿರು ಬೇಕೆನ್ನುವವರಿಗೆ ಮಂಜಿನ ನಾರಿನ ಗಿಡವಿದೆ. ನರ್ಸರಿಯಲ್ಲಿ ‘ಸ್ನೇಕ್ ಪ್ಲಾಂಟ್’ ಎಂದು ಕುಂಡದಲ್ಲಿ ಮಾರುವುದು ಆಫ್ರಿಕಾದ ಜಾತಿ. ಅದರ ದಾಯಾದಿ ನಮ್ಮ ದಖ್ಖನ್ನಿನ ಪೊದೆಗಳ ನೆರಳಿನಲ್ಲಿ ತಾನಾಗಿ ಬೆಳೆಯುತ್ತದೆ, ಹಿಂದೆ ಇದರ ನಾರಿನಿಂದ ಬಿಲ್ಲಿನ ಹೆದೆ ಹೊಸೆಯುತ್ತಿದ್ದರು. ಮೇಲ್ಮೈ ಉದ್ದಕ್ಕೂ ತಗ್ಗಾಗಿ, ಅಡ್ಡಡ್ಡ ಕಡುಹಸಿರು ಪಟ್ಟೆಗಳಿರುವ ಗಟ್ಟಿ ಎಲೆ. ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುವುದರಿಂದ ನೀರು ಪೋಲಾಗುವುದಿಲ್ಲ. ಇದರ ನಡುವಿನ ಜಾಗಕ್ಕೆ ಮಳೆಗಾಲದಲ್ಲಿ ತಾನಾಗಿ ಹುಟ್ಟುವವು ನೆಲಬೇವು ಮತ್ತು ನೆಲಕ್ಕೆ ಒರಗಿ ಹರಡುವ ರುಯೆಲಿಯಾ. ರುಯೆಲಿಯಾದ ತಿಳಿನೇರಳೆ ಹೂವು ಮಧ್ಯಾಹ್ನಕ್ಕೆ ಉದುರುತ್ತದೆ. ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟೆಂದು ಸಿಡಿಯುತ್ತದೆ. ಹಾರಿಬಿದ್ದ ಬೀಜದ ಸುತ್ತಲಿನ ಸಣ್ಣ ಕೂದಲು ಒದ್ದೆಯಾಗಿ ಅಂಟಾಗಿ ಬಿದ್ದಲ್ಲೇ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಮಳೆ ಬರುವವರೆಗೆ ಬೀಜವನ್ನು ಬಿಟ್ಟುಕೊಡದ ಈ ಏರ್ಪಾಡಿಗೆ ಮಾಲಿಯ ಅಗತ್ಯವಿಲ್ಲ. ಖಾಲಿ ಸೈಟುಗಳಲ್ಲಿ ನಿಂತು ಬೆಳೆಯುವ, ಮಕ್ಕಳು ಕಾಯಿ ಸಿಡಿಸಿ ಆಡುವ ರುಯೆಲಿಯಾ ಅಮೆರಿಕದಿಂದ ಬಂದದ್ದು, ಅದನ್ನು ಇದೆಂದು ತಿಳಿಯಬಾರದು. ಮೂಲೆಗೊಂದು ಹಲವು ಮಕ್ಕಳ ತಾಯಿ ಬೇರು, ಅಂದರೆ ಶತಾವರಿ, ಬೇಲಿಯಂಚಿಗೆ ಮಂಗರವಳ್ಳಿ, ಹಿಂಬದಿಗೆ ಬಿಳಿ ಹೂವಿನ ಚಿತ್ರಮೂಲ ಇದ್ದರೆ ಸಾಕು. ಚಿತ್ರಮೂಲದ ಬೇರು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದನ್ನು ಬಿಡುವುದೇ ಒಳ್ಳೆಯದು.

ಬ್ರೂಸ್‌ಪೇಟೆಯ ಬಹಳ ಮನೆಗಳಲ್ಲಿ ಇರುವುದು ಮರದ ನೆರಳೇ ಅಲ್ಲ, ಗೋಡೆಯ ನೆರಳು. ಎರಡು ಮನೆಗಳ ನಡುವಿನ ಸಂದಿ, ಬಚ್ಚಲ ಹಿಂದಿನ ಪಟ್ಟಿ; ಬಿಸಿಲು ಬೀಳುವುದಿಲ್ಲ, ಹೀರುವ ಮರವೂ ಇಲ್ಲ, ಬಟ್ಟೆ ಪಾತ್ರೆ ತೊಳೆದ ನೀರು ಹರಿಯುತ್ತದೆ. ಅಲ್ಲಿ ಮೇಲೆ ಹೇಳಿದ ಗಿಡಗಳು ನಡೆಯುವುದಿಲ್ಲ. ಅಲ್ಲಿಗೆ ಒಂದೆಲಗ, ನೀರು ಬ್ರಾಹ್ಮಿ, ಕನ್ನೆ ಸೊಪ್ಪು. ಸಾಬೂನಿನ ಗಾಢ ನೀರನ್ನು ಬಿಟ್ಟು ಎರಡನೆಯ ಸಲ ಜಾಲಿಸಿದ ನೀರನ್ನು ಅತ್ತ ತಿರುಗಿಸಿದರೆ ಸಾಕು. ಚಟ್ನಿಗೆ ಸೊಪ್ಪು ಕೀಳುವವರು ಮಾತ್ರ ಆ ನೀರನ್ನೂ ಬಿಡದೆ ನಲ್ಲಿ ನೀರನ್ನೇ ಹಾಕಬೇಕು.

ಇಷ್ಟಕ್ಕೂ ಸ್ಥಳೀಯ ಗಿಡವೇ ಏಕೆ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ನಾವು ದಿನಾ ಸಾರಿಗೆ ಹಾಕುವ ಹುಣಸೆಯೇ ಆಫ್ರಿಕಾ ಮೂಲದ್ದು, ಮೆಣಸಿನಕಾಯಿ ಅಮೆರಿಕದ್ದು. ಗಿಡಗಳಿಗೆ ಪೌರತ್ವ ಪರೀಕ್ಷೆ ಮಾಡುವುದು ಈ ಬರಹದ ಉದ್ದೇಶವಲ್ಲ. ಎರಡು ಲೆಕ್ಕಗಳಿವೆ. ಮೊದಲನೆಯದು ನೀರಿನ ಪಂಚಾಂಗ. ಬೇರೆ ಹವೆಯಿಂದ ಬಂದ ಸಿಂಗೋನಿಯಂ, ಮನಿ ಪ್ಲಾಂಟ್‌ಗಳು ನಮ್ಮ ಬೇಸಗೆಯಲ್ಲೂ ಎಚ್ಚರವಾಗಿರಲು ನೋಡುತ್ತವೆ, ಆ ಎಚ್ಚರಕ್ಕೆ ನೀರು ಹಾಕಬೇಕಾದವರು ನಾವು. ಎರಡನೆಯದು ಹದ್ದು ಮೀರುವ ಗುಣ. ಹಳದಿ ಹೂವಿನ ಸಿಂಗಪುರ ಡೈಸಿಯನ್ನು ಊರೂರ ಪಾರ್ಕಿನಲ್ಲಿ ನೆಲ ಮುಚ್ಚಲೆಂದು ನೆಡುತ್ತಾರೆ. ನೀರು ಸಿಕ್ಕ ಕಡೆ ಅದು ಉಳಿದೆಲ್ಲವನ್ನೂ ಮುಚ್ಚುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಅದೂ ಸೇರಿದೆ. ತುಂಗಭದ್ರಾ ಕಾಲುವೆಗಳು ಹರಿಯುವ ಸಿರುಗುಪ್ಪದ ಕಡೆ ಇಂಥ ಗಿಡವನ್ನು ಗದ್ದೆಯ ಬದುವಿಗೆ ಬಿಟ್ಟರೆ ಆಮೇಲೆ ಕಿತ್ತು ಮುಗಿಯುವುದಿಲ್ಲ. ನಾನು ಹೇಳಿದ ಗಿಡಗಳಲ್ಲೂ ಕನ್ನೆ ಸೊಪ್ಪು ರೈತನ ಕಣ್ಣಿಗೆ ಕಳೆಯೇ. ಮಣ್ಣಿನೊಳಗೂ ಹೂಬಿಟ್ಟು ಬೀಜ ಕಟ್ಟುವ ಚಾಲಾಕಿ ಅದು, ಮೇಲೆ ಕಿತ್ತರೂ ಕೆಳಗಿನದು ಉಳಿಯುತ್ತದೆ. ಸಂದಿಯ ಗೋಡೆಗಳ ನಡುವೆ ಸರಿ, ಹೊಲದ ಪಕ್ಕದ ಮನೆಯಲ್ಲಿ ಬೇಡ.

ಬೇಸಗೆಯಲ್ಲಿ ಒಣಗಿ ಕಾಣುವ ತೋಟ ಯಾರಿಗೆ ಬೇಕು ಎಂಬುದು ಹೆಚ್ಚು ಜನ ಎತ್ತುವ ಆಕ್ಷೇಪ. ಉತ್ತರವಾಗಿ ಒಂದು ಪ್ರಶ್ನೆ: ಏಪ್ರಿಲಿನಲ್ಲಿ ನಾವು ಮರದಡಿ ಹೋಗುವುದು ಏತಕ್ಕೆ? ಹೊರಸು ಹಾಕಿ ಕೂರುವುದಕ್ಕೆ. ಆಗ ಕಣ್ಣಿಗೆ ಬೇಕಾದ ಹಸಿರು ತಲೆಯ ಮೇಲಿರುತ್ತದೆ: ಬೇವು, ಹೊಂಗೆ ಎರಡೂ ಶಿವರಾತ್ರಿಯ ಆಸುಪಾಸು ಎಲೆ ಬದಲಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರು ಹೊದ್ದಿರುತ್ತವೆ. ಕೆಳಗಿನ ನೆಲ ಬೇಸಗೆಯ ಮೂರು ತಿಂಗಳು ತರಗೆಲೆ ಹೊದ್ದು ಮಂಜಿನ ನಾರಿನ ನಾಲ್ಕು ಗುಂಪುಗಳನ್ನಷ್ಟೇ ತೋರಿಸಿದರೆ ನಷ್ಟವೇನು? ನಮ್ಮ ಎರೆ ಹೊಲಗಳು ಬೇಸಗೆಯಿಡೀ ಬಿರುಕುಬಿಟ್ಟು ಬಿದ್ದಿರುತ್ತವೆ, ಯಾರೂ ಅವನ್ನು ಸತ್ತ ಭೂಮಿ ಎನ್ನುವುದಿಲ್ಲ. ಮನೆಯ ಅಂಗಳಕ್ಕೆ ಮಾತ್ರ ನಾವು ಬೆಂಗಳೂರಿನ ಅಳತೆಪಟ್ಟಿ ಹಿಡಿಯುತ್ತೇವೆ.

ಹಾವು, ಚೇಳಿನ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಉಡಾಫೆಯಾದೀತು. ಕೊಳಕುಮಂಡಲ, ನಾಗರ ಇರುವ ಸೀಮೆ ಇದು. ದಟ್ಟ ಪೊದೆ ಇಲಿಗೆ ಮನೆ, ಇಲಿ ಇದ್ದಲ್ಲಿ ಹಾವು. ಆದ್ದರಿಂದಲೇ ಗಿಡಗಳ ಎತ್ತರ ಮುಖ್ಯವಾಗುತ್ತದೆ. ಓಡಾಡುವ ಕಡೆ ಹಿಮ್ಮಡಿಯೆತ್ತರದ ಸೊಗದೆ, ರುಯೆಲಿಯಾ ಮಾತ್ರ. ಮೊಳಕಾಲೆತ್ತರದವು ಕಾಂಪೌಂಡಿನ ದೂರದ ಮೂಲೆಗೆ. ನಡುವೆ ಎರಡಡಿ ದಾರಿ ಬರಿದಾಗಿರಲಿ. ಚೇಳು ಹೆಚ್ಚಾಗಿ ಅಡಗುವುದು ಇಟ್ಟಿಗೆ, ಕಲ್ಲು, ಹಳೆಯ ಸೌದೆ ರಾಶಿಯಲ್ಲಿ, ಅವನ್ನು ತೆಗೆದರೆ ಅರ್ಧ ಭಯ ಕಳೆಯಿತು. ಡೆಂಗಿ ಸೊಳ್ಳೆಗೆ ಬೇಕಾದದ್ದು ನಿಂತ ನೀರು. ಅದು ಕುಂಡದ ತಟ್ಟೆಯಲ್ಲೂ ಹಳೆಯ ಟೈರಿನಲ್ಲೂ ನಿಲ್ಲುತ್ತದೆ. ಬೇರು ತುಂಬಿ ಸಡಿಲವಾದ ಮಣ್ಣಿನಲ್ಲಿ ಇಂಗಿಹೋಗುತ್ತದೆ. ತರಗೆಲೆಗೆ ಗೆದ್ದಲು ಬರುತ್ತದೆಂಬುದೂ ದಿಟ. ಗೋಡೆಯಿಂದ ಒಂದೂವರೆ ಅಡಿ ಪಟ್ಟಿಯಲ್ಲಿ ಎಲೆ ನಿಲ್ಲದಂತೆ ನೋಡಿಕೊಂಡರೆ ಅದರ ಕೆಲಸ ತರಗೆಲೆಯನ್ನು ಮಣ್ಣಾಗಿಸುವಲ್ಲಿಗೆ ಮುಗಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಎದುರಾಳಿ ಪೊರಕೆ. ಬೆಳಗಾಗೆದ್ದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವುದು ಮನೆಯ ಶಿಸ್ತು. ಬಾಗಿಲ ಮುಂದೆ ಅದು ಇರಲೇಬೇಕು. ಆ ಶಿಸ್ತನ್ನು ಮರದ ಬುಡದವರೆಗೂ ಒಯ್ದಾಗ ಏನಾಗುತ್ತದೆಂದರೆ, ಪ್ರತಿದಿನ ಮೇಲ್ಮಣ್ಣಿನ ತೆಳುವಾದ ಒಂದು ಪದರ, ಅದರಲ್ಲಿದ್ದ ಬೀಜದ ಸಮೇತ, ಕಸದ ಬುಟ್ಟಿಗೆ ಹೋಗುತ್ತದೆ. ಉಳಿದ ನೆಲ ಗಟ್ಟಿಯಾಗಿ ಮಳೆನೀರು ಒಳಗಿಳಿಯದೆ ಚರಂಡಿಗೆ ಓಡುತ್ತದೆ. ಗುಡಿಸಿದ ಎಲೆಯನ್ನು ಬೀದಿ ಮೂಲೆಯಲ್ಲಿ ಸುಟ್ಟು ಹೊಗೆ ಕುಡಿಯುವುದು ಬೇರೆ. ಸುಟ್ಟದ್ದು ಏನನ್ನು? ಹೊಂಗೆ ಸೊಪ್ಪನ್ನು ಗದ್ದೆಗೆ ಹಾಕಿ ತುಳಿದು ಭತ್ತ ಬೆಳೆದ ನಾಡಿದು. ಅದೇ ಮರದ ಎಲೆ ಪೇಟೆಯಲ್ಲಿ ಕಸವಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆ ಭೂಮಿಯ ರೈತರಿಗೆ ಇಷ್ಟು ವರ್ಷ ಹೇಳಿಕೊಂಡು ಬಂದ ತಿರುಳು ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸಿ ಎಂಬುದು. ಮನೆಯಂಗಳದಲ್ಲಿ ಆ ಕೆಲಸವನ್ನು ಒಂದಂಗುಲ ತರಗೆಲೆ ಬಿಟ್ಟಿಯಾಗಿ ಮಾಡುತ್ತದೆ. ಸಿಮೆಂಟ್ ಇಟ್ಟಿಗೆಯ ವಿಚಾರದಲ್ಲಂತೂ ವಾದಕ್ಕೇ ಜಾಗವಿಲ್ಲ. ಬುಡದವರೆಗೆ ಹಾಸಿದರೆ ಬೇರಿಗೆ ಗಾಳಿಯಿಲ್ಲ, ನೀರಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟು ಕೀಳಿಸಲು ಆದೇಶ ಮಾಡಬೇಕಾಯಿತು. ನೆರಳು ಬೇಕು, ನೆರಳು ಕೊಡುವುದರ ಉಸಿರು ಕಟ್ಟಲಿ ಎಂದರೆ ಹೇಗೆ?

ಹುಣಸೆಯ ಕೆಳಗೆ ಮಾತ್ರ ಹಿರಿಯರ ಮಾತಿಗೆ ಬೆಲೆ ಕೊಡಬೇಕು. ಅದರ ಎಲೆ, ಬೇರುಗಳ ಸಾರ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆಂದು ಪ್ರಯೋಗಾಲಯದ ಪರೀಕ್ಷೆಗಳೂ ತೋರಿಸಿವೆ. ನೆರಳೂ ಒತ್ತಾದದ್ದು. ಅಲ್ಲಿ ಬೀಜ ಚೆಲ್ಲಿ ಕಾಯುವುದಕ್ಕಿಂತ ಬೇರು ಬಲಿತ ಸಸಿಯನ್ನು ಮರದ ಹೊರಅಂಚಿನಲ್ಲಿ ನೆಡುವುದು ವಾಸಿ. ಬುಡದ ಸುತ್ತಲಿನ ಜಾಗವನ್ನು ತರಗೆಲೆಗೇ ಬಿಡಬೇಕು.

ಗಿಡಗಳನ್ನು ತರುವುದು ಎಲ್ಲಿಂದ? ಕಾಡಿನಿಂದ ಅಗೆದು ತರುವುದು ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ ಸೊಗದೆ, ಶತಾವರಿಯಂಥವನ್ನು ಬೇರಿನ ಆಸೆಗೆ ಅಗೆದೇ ಕಾಡು ಬರಿದಾಗುತ್ತಿದೆ. ಔಷಧಿ ಸಸಿಗಳನ್ನು ಬೆಳೆಸುವ ನರ್ಸರಿಗಳಲ್ಲಿ ಇವು ಸಿಗುತ್ತವೆ, ಅಲಂಕಾರ ಗಿಡದ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಹಳ್ಳಿಯ ಹೊಲದ ಬದು, ಬೇಲಿಸಾಲುಗಳಲ್ಲಿ ಯಜಮಾನರನ್ನು ಕೇಳಿ ಬೀಜ ಬಿಡಿಸಿಕೊಳ್ಳಬಹುದು, ತುಂಡು ಕತ್ತರಿಸಿಕೊಳ್ಳಬಹುದು. ಮಂಜಿನ ನಾರಿನ ಗೆಡ್ಡೆಯನ್ನು ಬಿಡಿಸಿ ನೆಟ್ಟರೆ ಸಾಕು, ಮಂಗರವಳ್ಳಿಯ ಎರಡು ಗೆಣ್ಣಿನ ತುಂಡು ಸಾಕು. ನೆಡುವ ಹೊತ್ತಿನ ಬಗ್ಗೆ ಮಾತ್ರ ಒಂದು ಎಚ್ಚರ. ತೋಟಗಾರಿಕೆಯ ಪುಸ್ತಕಗಳು ಜೂನ್ ಎನ್ನುತ್ತವೆ. ಬಳ್ಳಾರಿಯಲ್ಲಿ ಮಿರಗದ ಮಳೆ ಆಸೆ ತೋರಿಸಿ ಜುಲೈನಲ್ಲಿ ಕೈಕೊಡುವುದೇ ಹೆಚ್ಚು. ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಎರೆ ಹೊಲದವರು ಹಿಂಗಾರಿ ಜೋಳ ಬಿತ್ತುವುದು ಆ ಮಳೆ ನಂಬಿಯೇ. ಹುಬ್ಬಿ ಮಳೆಯಲ್ಲಿ ನೆಟ್ಟರೆ ಉತ್ತರಿ, ಹಸ್ತದ ಮಳೆ ಬೇರು ಹಿಡಿಸುತ್ತವೆ, ಮುಂದೆ ಚಳಿಗಾಲದ ತಂಪೂ ಇರುತ್ತದೆ. ನೆಡುವಾಗ ಮರದ ಸುತ್ತ ಪಾತಿ ತೋಡಬಾರದು, ಬುಡಕ್ಕೆ ಮಣ್ಣು ಏರಿಸಲೂಬಾರದು. ದಪ್ಪ ಬೇರುಗಳ ನಡುವೆ ಗೇಣುದ್ದದ ಗುಳಿ ಮಾಡಿ, ಬೇರು ಸಿಕ್ಕರೆ ಗುಳಿಯನ್ನು ಪಕ್ಕಕ್ಕೆ ಸರಿಸಬೇಕು. ಕುರುಗೋಡಿನ ಗುಡ್ಡದ ಕಡೆಯ ಮಸಾರಿ ನೆಲದಲ್ಲಿ ಇದು ಸಲೀಸು. ಎರೆ ಮಣ್ಣಿನವರು ಗುಳಿಗೆ ಒಂದು ಬೊಗಸೆ ಗರಸು, ಒಂದು ಬೊಗಸೆ ಎಲೆಗೊಬ್ಬರ ಬೆರೆಸಿಕೊಳ್ಳಬೇಕು, ಇಲ್ಲವಾದರೆ ಮಾರ್ಚಿನಲ್ಲಿ ಮಣ್ಣು ಬಿರಿದಾಗ ಎಳೆಬೇರು ಹರಿಯುತ್ತದೆ. ಮೊದಲ ಬೇಸಗೆ ವಾರಕ್ಕೊಂದು ತಂಬಿಗೆ ನೀರು ಕೊಡಿ. ಎರಡನೆಯ ಬೇಸಗೆಯಿಂದ ಅದನ್ನೂ ನಿಲ್ಲಿಸಬಹುದು, ಸಂದಿಯ ಒಂದೆಲಗಕ್ಕೆ ಬಿಟ್ಟು.